ಒಂದು ನಿಮಿಷದ ಆಟದಲ್ಲಿ ನಡೆಯುವ ಕೈ ಯಾರದು?

*ಇಂದಿನ ಧಮ್ಮ ಚಿಂತನೆ*

 

ಹೋದ ಭಾನುವಾರ ನಮ್ಮ ಓದಿನಲ್ಲಿ ದೀಘನಿಕಾಯದ ಮೊದಲನೆಯ ಸುತ್ತ, ಬ್ರಹ್ಮಜಾಲ ಬಂದಿತ್ತು. ಸಮಣ ಗೋತಮರು ಯಾವ ಯಾವ ಆಟಗಳಿಂದ ದೂರ ಇದ್ದರು ಎಂಬ ಪಟ್ಟಿ ಅದರಲ್ಲಿದೆ. ಪಟ್ಟಿಯ ಮೊದಲಿಗೇ 'ಅಟ್ಠಪದ', 'ದಸಪದ' ಎಂಬ ಮಾತುಗಳು. ಎಂಟು ಮನೆ ಸಾಲಿನ ಹಾಸು, ಹತ್ತು ಮನೆ ಸಾಲಿನ ಹಾಸು. ಅದನ್ನು ಓದಿದ ಕೂಡಲೇ ಬಳಗದ ಹಿರಿಯರೊಬ್ಬರು, "ಹಂಗಾದ್ರೆ ಈ ಹುಡುಗರು ಮೊಬೈಲಲ್ಲಿ ಚೆಸ್ ಆಡ್ತಾ ಕೂರೋದು ಶೀಲಕ್ಕೆ ವಿರುದ್ಧ ಅಂತಾಯ್ತಲ್ಲ?" ಎಂದರು. ಅಲ್ಲಿ ಉತ್ತರ ಪೂರ್ತಿ ಆಗಲಿಲ್ಲ. ಇವತ್ತಿನ ಸರದಿ ನನ್ನದಾದ್ದರಿಂದ ಅದನ್ನೇ ಮುಂದುವರಿಸುತ್ತೇನೆ.

ಮೊದಲು ಚಿಕ್ಕ ವಿಷಯ ಮುಗಿಸೋಣ. ಆ ಪಟ್ಟಿ ಮನೆ ಬಿಟ್ಟು ಬಂದ ಸಮಣರ ನಡತೆಯ ಬಗ್ಗೆ ಇರುವುದು. ಜನ ಶ್ರದ್ಧೆಯಿಂದ ಕೊಟ್ಟ ಅನ್ನ ಉಂಡು ದಿನವಿಡೀ ಆಟ ಆಡುತ್ತಾ ಕೂರುವುದು ತರವಲ್ಲ ಎಂಬ ಅರ್ಥದ್ದು. ಉಪಾಸಕರ ಪಂಚಶೀಲದಲ್ಲಿ ಅದಿಲ್ಲ. ಆ ಕಾಲದ ಅಟ್ಠಪದವೂ ನಮ್ಮ ಚದುರಂಗವಲ್ಲ, ಚದುರಂಗ ಬಂದದ್ದು ಎಷ್ಟೋ ಶತಮಾನ ಆದಮೇಲೆ. ಅದೇ ಪಟ್ಟಿಯಲ್ಲಿ 'ಆಕಾಸ' ಎಂಬ ಇನ್ನೊಂದು ಆಟವಿದೆ. ಹಾಸೇ ಇಲ್ಲದೆ, ಗಾಳಿಯಲ್ಲಿ ಹಾಸು ಇದೆ ಎಂದುಕೊಂಡು ಆಡುವುದು ಎಂದು ಅಟ್ಠಕಥೆ ವಿವರಿಸುತ್ತದೆ. ಎರಡೂವರೆ ಸಾವಿರ ವರ್ಷದ ಹಿಂದೆಯೇ ನಮ್ಮ ಜನ ತಲೆಯೊಳಗೆ ಹಾಸು ಹಾಸಿಕೊಂಡು ಆಡುತ್ತಿದ್ದರು ಎಂದು ಓದಿ ನನಗಂತೂ ಖುಷಿಯಾಯಿತು.

ದೊಡ್ಡ ಪ್ರಶ್ನೆ ಬೇರೆ ಇದೆ. ಅದು ನನಗೆ ಹೊಳೆದದ್ದು ನಮ್ಮಕ್ಕನ ಮಗನನ್ನು ನೋಡಿ. ಪಿಯುಸಿ ಓದುವ ಹುಡುಗ. ನಮ್ಮ ಕೆ. ಹೊಸಕೋಟೆ ಕಡೆ ಸಿಗ್ನಲ್ ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಎಂಬುದು ನಿಮಗೆ ಹೇಳಬೇಕಿಲ್ಲ. ಅವನು ಗದ್ದೆ ಏರಿಯ ಮೇಲೆ, ಹಲಸಿನ ಮರದ ಬುಡದಲ್ಲಿ ನಿಂತುಕೊಂಡೇ ಆಡುತ್ತಾನೆ. ಆಡುವುದು 'ಬುಲೆಟ್'. ಅಂದರೆ ಇಡೀ ಆಟಕ್ಕೆ ಒಬ್ಬೊಬ್ಬರಿಗೆ ಒಂದೇ ನಿಮಿಷ. ನಲವತ್ತು ನಡೆ ಆಡಬೇಕಾದರೆ ಒಂದು ನಡೆಗೆ ಒಂದೂವರೆ ಸೆಕೆಂಡು. "ಏನೋ ಯೋಚ್ನೆ ಮಾಡಿ ಆಡ್ತೀಯ ಇಷ್ಟರಲ್ಲಿ?" ಅಂತ ಕೇಳಿದೆ. "ಯೋಚ್ನೆ ಮಾಡಿದ್ರೆ ಸೋತೋಗ್ತೀನಿ ಮಾವ" ಅಂದ.

ಆ ಮಾತು ನನ್ನನ್ನು ಬಿಡಲಿಲ್ಲ. ಕರ್ಮ ಎಂದರೆ ಚೇತನಾ, ಅಂದರೆ ಸಂಕಲ್ಪ, ಎಂದು ನಾವು ಓದಿಕೊಂಡು ಬಂದಿದ್ದೇವೆ. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಕರ್ಮವನ್ನು ಹಿಂದಿನ ಜನ್ಮದ ಲೆಕ್ಕದಿಂದ ಬಿಡಿಸಿ, ಇಲ್ಲಿ, ಈ ಬದುಕಿನಲ್ಲಿ ನಡೆಯುವ ನೈತಿಕ ವ್ಯವಸ್ಥೆಯಾಗಿ ನಿಲ್ಲಿಸಿದರು. ಸರಿ. ಆದರೆ ಸಂಕಲ್ಪಕ್ಕೆ ಸಮಯವೇ ಇಲ್ಲದಿದ್ದರೆ? ಒಂದೂವರೆ ಸೆಕೆಂಡಿನಲ್ಲಿ ಕೈ ಮಾಡಿದ ಕೆಲಸಕ್ಕೆ ನಾನು ಹೊಣೆಯೇ? ಅದು ಚೆಸ್‌ನ ಪ್ರಶ್ನೆ ಮಾತ್ರ ಅಲ್ಲ. ಸಿಟ್ಟಿನಲ್ಲಿ ಬಾಯಿಂದ ಬಿದ್ದ ಮಾತು, ಬೈಕಿನ ಬ್ರೇಕು, ಬೆಳಗಿನ ಜಾವ ತೋಟದ ತಿರುವಿನಲ್ಲಿ ಆನೆ ಎದುರು ನಿಂತಾಗ ಹಿಂದಕ್ಕೆ ಬರುವ ಕಾಲು, ಎಲ್ಲವೂ ಹೀಗೇ. ಅಲ್ಲಿ ಕೂತು ವಿಚಾರ ಮಾಡಿದವರು ಯಾರಿದ್ದಾರೆ?

ಈ ವೇಗದ ಆಟದಲ್ಲಿ ಹೆಸರು ಮಾಡಿದ ಒಬ್ಬ ಹುಡುಗ ನಮ್ಮ ಪಕ್ಕದ ರಾಜ್ಯದವನೇ, ತ್ರಿಶೂರಿನ ನಿಹಾಲ್ ಸರಿನ್. 2004ರಲ್ಲಿ ಹುಟ್ಟಿದವನು. ತಂದೆ ಚರ್ಮರೋಗದ ವೈದ್ಯರು, ತಾಯಿ ಮನೋವೈದ್ಯರು. 2014ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಹತ್ತು ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆದ. ಹದಿನಾಲ್ಕಕ್ಕೆ ಗ್ರ್ಯಾಂಡ್‌ಮಾಸ್ಟರ್. 2020 ಮತ್ತು 2021, ಎರಡು ವರ್ಷ ಸಾಲಾಗಿ ಆನ್‌ಲೈನಿನ ಜೂನಿಯರ್ ಸ್ಪೀಡ್ ಚೆಸ್ ಚಾಂಪಿಯನ್‌ಶಿಪ್ ಗೆದ್ದ. ಅಲ್ಲಿ ಐದು ನಿಮಿಷದ ಆಟ, ಮೂರು ನಿಮಿಷದ ಆಟ, ಒಂದು ನಿಮಿಷದ ಆಟ, ಹೀಗೆ ಒಂದರ ಹಿಂದೊಂದು ಗಂಟೆಗಟ್ಟಲೆ ಆಡಬೇಕು. 2022ರಲ್ಲಿ ಮಾಮಲ್ಲಪುರದ ಒಲಿಂಪಿಯಾಡ್‌ನಲ್ಲಿ ಎರಡನೇ ಬೋರ್ಡಿನ ವೈಯಕ್ತಿಕ ಚಿನ್ನವೂ ಅವನದೇ. (ನಮ್ಮ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ರೈಲ್ವೆ ನೌಕರರು, ಎಂ.ಎಸ್. ತೇಜ್‌ಕುಮಾರ್, 2017ರಲ್ಲಿ. ಇದನ್ನೂ ಮಕ್ಕಳಿಗೆ ಹೇಳಿ.)

ವೇಗದ ಆಟಗಾರ ಎಂದರೆ ಧಡಧಡ ನುಗ್ಗಿ ಹೊಡೆಯುವವನು ಎಂದು ನಾನು ಅಂದುಕೊಂಡಿದ್ದೆ. ನಿಹಾಲ್ ಆಟ ಹಾಗಿಲ್ಲ. ಅಕ್ಕನ ಮಗ ತೋರಿಸಿದ ಆಟಗಳಲ್ಲಿ ನನಗೆ ಕಂಡಷ್ಟು ಹೇಳುತ್ತೇನೆ, ನಾನೇನು ಪಂಡಿತನಲ್ಲ. ಕಾಯಿಗಳನ್ನು ಒಂದೊಂದಾಗಿ ಒಳ್ಳೆಯ ಜಾಗಕ್ಕೆ ಸರಿಸುತ್ತಾನೆ. ಬೇಡದ ಗದ್ದಲ ಎಬ್ಬಿಸುವುದಿಲ್ಲ. ಎದುರಾಳಿಗೆ ಚಿಕ್ಕದೊಂದು ತೊಂದರೆ ಕೊಡುತ್ತಾನೆ, ಅದು ಬಗೆಹರಿಯುವಷ್ಟರಲ್ಲಿ ಇನ್ನೊಂದು. ಎದುರಾಳಿ ಪ್ರತಿ ಸಲವೂ ಹತ್ತು ಸೆಕೆಂಡು ತಡವರಿಸುತ್ತಾನೆ, ಇವನ ಕೈ ಎರಡು ಸೆಕೆಂಡಿಗೇ ಹೋಗುತ್ತದೆ. ಮಂತ್ರಿ, ಆನೆಗಳು ಹೋಗಿ ಬರೀ ರಾಜ, ಕಾಲಾಳುಗಳು ಉಳಿದ ಬೋಳು ಹಾಸಿನಲ್ಲಿ ಇವನ ನಡೆ ಇನ್ನೂ ನಿಖರ. ಮುಖದಲ್ಲಿ ಆತುರ ಇಲ್ಲ. ಗಡಿಯಾರ ಮಾತ್ರ ಓಡುತ್ತದೆ, ಆಡುವವನು ಓಡುವುದಿಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ನೆರವಾದದ್ದು ಮಜ್ಝಿಮನಿಕಾಯದ ಅಂಬಲಟ್ಠಿಕ ರಾಹುಲೋವಾದ ಸುತ್ತ. ಅಶೋಕ ಚಕ್ರವರ್ತಿ ಬೈರಾಟ್ ಶಾಸನದಲ್ಲಿ ಭಿಕ್ಖುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕು ಎಂದು ಹೆಸರಿಸಿದ ಕೆಲವೇ ಉಪದೇಶಗಳಲ್ಲಿ, ಸುಳ್ಳಿನ ವಿಷಯವಾಗಿ ರಾಹುಲನಿಗೆ ಹೇಳಿದ್ದೂ ಒಂದು. ಬುದ್ಧರು ಅಲ್ಲಿ ಮಗನಿಗೆ ಕನ್ನಡಿಯ ಹೋಲಿಕೆ ಕೊಟ್ಟು, ಕೆಲಸ ಮಾಡುವ ಮೊದಲು ನೋಡು, ಮಾಡುವಾಗ ನೋಡು, ಮಾಡಿದ ಮೇಲೂ ನೋಡು ಎನ್ನುತ್ತಾರೆ. ಮೂರು ಸಲ. ನಾವು 'ಮಾಡುವಾಗ' ಎಂಬುದೊಂದನ್ನೇ ಹಿಡಿದುಕೊಂಡು, ಸತಿ ಎಂದರೆ ನಿಧಾನ ಎಂದುಕೊಂಡುಬಿಟ್ಟಿದ್ದೇವೆ. ಬುಲೆಟ್ ಆಟದಲ್ಲಿ 'ಮಾಡುವಾಗ' ಎಂಬುದು ಸೂಜಿಮೊನೆಯಷ್ಟು ಚಿಕ್ಕದಾಗುತ್ತದೆ. ಆಗ ಭಾರವೆಲ್ಲ 'ಮೊದಲು' ಮತ್ತು 'ಆಮೇಲೆ' ಎಂಬುದರ ಮೇಲೆ ಬೀಳುತ್ತದೆ. ನಿಹಾಲನ ಎರಡು ಸೆಕೆಂಡಿನ ಹಿಂದೆ ಎಷ್ಟೋ ವರ್ಷಗಳ 'ಮೊದಲು' ಇದೆ. ಸೋತ ಆಟ ಬಿಚ್ಚಿ ನೋಡಿದ 'ಆಮೇಲೆ' ಇದೆ. ಆ 'ಆಮೇಲೆ'ಯೇ ಮುಂದಿನ ಆಟಕ್ಕೆ 'ಮೊದಲು' ಆಗುತ್ತದೆ. ಆದ್ದರಿಂದ ಕೈ ತಾನಾಗಿ ಹೋಯಿತು ಎಂದರೂ ಅದು ಅವನದೇ ಕೈ. ಸಿಟ್ಟಿನಲ್ಲಿ ಬಾಯಿಂದ ಬಿದ್ದ ಮಾತೂ ಹಾಗೇ ನನ್ನದೇ. "ಬಾಯಿ ತಪ್ಪಿ ಬಂತು" ಎಂದರೆ, ಎಷ್ಟು ದಿನದಿಂದ ಒಳಗೆ ಕೂತಿತ್ತು ಎಂದು ಕೇಳಬೇಕಾಗುತ್ತದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆನ್‌ಲೈನ್ ಆಟದಲ್ಲಿ ಇನ್ನೊಂದು ಇದೆ, ಅದಕ್ಕೆ 'ಪ್ರೀಮೂವ್' ಅನ್ನುತ್ತಾರೆ. ಎದುರಾಳಿ ಇನ್ನೂ ಆಡಿರುವುದಿಲ್ಲ. ಅವನು ಇದನ್ನೇ ಆಡುತ್ತಾನೆ ಎಂದು ಊಹಿಸಿ ನನ್ನ ನಡೆಯನ್ನು ಮೊದಲೇ ಒತ್ತಿಟ್ಟುಬಿಡುವುದು. ಅವನ ಕಾಯಿ ಇಳಿದ ತಕ್ಷಣ ನನ್ನದು ಹಾರುತ್ತದೆ. ಲಿಚೆಸ್‌ನಲ್ಲಿ ಅದಕ್ಕೆ ಸಮಯವೇ ಹೋಗುವುದಿಲ್ಲ, ಚೆಸ್ ಡಾಟ್ ಕಾಮ್‌ನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ. ಹೊರಗಿನಿಂದ ನೋಡಿದವರಿಗೆ ಇದೂ ವೇಗ, ಅದೂ ವೇಗ. ವ್ಯತ್ಯಾಸವೇ ಕಾಣುವುದಿಲ್ಲ. ಒಂದರಲ್ಲಿ ಕಣ್ಣು ಹಾಸನ್ನು ನೋಡಿ ಕೈ ಹೋಗುತ್ತದೆ. ಇನ್ನೊಂದರಲ್ಲಿ ನೋಡುವ ಮೊದಲೇ ಕೈ ಹೋಗಿ ಆಗಿದೆ. ಬೇರೆ ದಾರಿಯೇ ಇಲ್ಲದ ಕಡೆ ಪ್ರೀಮೂವ್ ಒತ್ತುವುದರಲ್ಲಿ ತಪ್ಪಿಲ್ಲ, ದೊಡ್ಡ ಆಟಗಾರರೂ ಒತ್ತುತ್ತಾರೆ. ಆದರೆ ಅದೇ ಚಟವಾದವನನ್ನು ಬಲೆಗೆ ಹಾಕುವುದು ಸುಲಭ. ಅವನು ಊಹಿಸಿದ್ದು ಬಿಟ್ಟು ಬೇರೇನೋ ಆಡಿದರೆ ಸಾಕು, ಅವನ ಮಂತ್ರಿ ತಾನಾಗಿ ಬಂದು ಬಾಯಿಗೆ ಬೀಳುತ್ತದೆ.

ಇದನ್ನು ಅಕ್ಕನ ಮಗ ವಿವರಿಸುತ್ತಿದ್ದಾಗ ನನಗೆ ಚೆಸ್ ಮರೆತುಹೋಗಿ ಬೇರೆಯೇ ನೆನಪಾಯಿತು. ಬಾಡಿಗೆ ಮನೆ ಕೇಳಲು ಹಾಸನಕ್ಕೆ ಹೋದ ನಮ್ಮ ಹುಡುಗರಿಗೆ ಗೊತ್ತು. ಬಾಗಿಲು ತೆರೆದವರು ನಗುತ್ತಲೇ ಇರುತ್ತಾರೆ. ಊರು ಯಾವುದು, ತಂದೆ ಹೆಸರೇನು, ಅಡ್ಡಹೆಸರು ಏನಾದರೂ ಇದೆಯಾ, ಎಲ್ಲವೂ ಸುತ್ತು ಬಳಸಿ. ಕೊನೆಗೆ, "ಯಾವ ಜನ?" ಉತ್ತರ ಪೂರ್ತಿ ಬಾಯಿಂದ ಹೊರಬೀಳುವ ಮೊದಲೇ, "ನಿನ್ನೆ ತಾನೇ ಯಾರೋ ಅಡ್ವಾನ್ಸ್ ಕೊಟ್ಟು ಹೋದ್ರಪ್ಪ." ಎದುರಿಗೆ ನಿಂತವನು ಶುದ್ಧನೋ ಕೊಳಕನೋ, ಬಾಡಿಗೆ ಸರಿಯಾಗಿ ಕೊಡುವವನೋ ಅಲ್ಲವೋ, ಒಂದನ್ನೂ ಅವರು ನೋಡಿಲ್ಲ. ಅವರ ನಡೆ ಒತ್ತಿಟ್ಟು ತಲೆಮಾರುಗಳಾಗಿವೆ. ನಾವು ಏನು ಆಡಿದರೂ ಅದೇ ಹಾರುತ್ತದೆ. ಹಿಂದೆ ಹೋಟೆಲಿನ ಸೂರಿನ ಕೆಳಗೆ ಬೇರೆ ಇಟ್ಟಿರುತ್ತಿದ್ದ ಲೋಟವನ್ನು ನೋಡಿದ ಹಿರಿಯರು ಈ ಬಳಗದಲ್ಲಿ ಇದ್ದಾರೆ. ಆ ಲೋಟವೂ ನಾವು ಬರುವ ಮೊದಲೇ ಅಲ್ಲಿ ಕಾದು ಕೂತಿರುತ್ತಿತ್ತು.

ಅವರನ್ನು ಕೇಳಿದರೆ "ನಾನೇನು ಬೇಕಂತ ಮಾಡ್ಲಿಲ್ಲ, ಅಭ್ಯಾಸ" ಎನ್ನುತ್ತಾರೆ. ನಿಜವೂ ಇರಬಹುದು. ಆದರೆ ಅಭ್ಯಾಸದ ಹೊಣೆ ಯಾರದು ಎಂದು ನಾವು ಆಗಲೇ ನೋಡಿದೆವು. 1956ರ ಮೇ ತಿಂಗಳ ಬಿಬಿಸಿ ಭಾಷಣದಲ್ಲಿ ಬಾಬಾಸಾಹೇಬರು ಬೌದ್ಧ ಧಮ್ಮದ ಮೂರು ತತ್ವ ಹೇಳುವಾಗ ಪ್ರಜ್ಞೆ, ಕರುಣೆ, ಸಮತೆ ಎಂದರು. ಪ್ರಜ್ಞೆಯನ್ನು ಏಕೆ ಮೊದಲು ಇಟ್ಟರು ಎಂದು ನಾನು ಯೋಚಿಸುತ್ತಿದ್ದೆ. ನೋಡದವನು ಕರುಣೆ ಯಾರ ಮೇಲೆ ತೋರಿಸಿಯಾನು? ಅವನ ಎದುರಿಗೆ ಮನುಷ್ಯನೇ ಇಲ್ಲ, ಅವನದೇ ಊಹೆ ಮಾತ್ರ ಇದೆ.

ಇದು ನಮಗೂ ತಿರುಗುವ ಮಾತು. ಯಾರೋ ಎದುರಿನವರ ಅಡ್ಡಹೆಸರು ಕೇಳಿದ ಕೂಡಲೇ ನಮ್ಮೊಳಗೂ ಒಂದು ನಡೆ ಹಾರುವುದುಂಟು. ಹಾಗೆ ಹಾರಲು ನಮಗೆ ಕಾರಣಗಳಿವೆ, ಪೆಟ್ಟು ತಿಂದ ಕಾರಣಗಳು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವವರನ್ನು ನಾನು ಒಪ್ಪುವುದಿಲ್ಲ. ಪೆಟ್ಟು ತಪ್ಪಿಸಿಕೊಳ್ಳುವ ಊಹೆ ಬೇರೆ, ಪೆಟ್ಟು ಕೊಡುವ ಊಹೆ ಬೇರೆ. ಆದರೂ ಹಾಸನ್ನು ನೋಡುವ ಕೆಲಸ ನಮ್ಮ ಪಾಲಿಗೂ ಇದ್ದೇ ಇದೆ.

ಇನ್ನು ಗಡಿಯಾರದ ವಿಷಯ. ಹಳೆಯ ಚೆಸ್ ಗಡಿಯಾರದಲ್ಲಿ ಸಮಯ ಮುಗಿದಾಗ ಒಂದು ಪುಟ್ಟ ಬಾವುಟ ಕೆಳಗೆ ಬೀಳುತ್ತಿತ್ತು. ಈಗ ಬಾವುಟ ಇಲ್ಲ, ಮಾತು ಉಳಿದಿದೆ. ಹುಡುಗರು 'ಫ್ಲ್ಯಾಗ್ ಮಾಡಿದೆ' ಅನ್ನುತ್ತಾರೆ. ಹಾಸಿನ ಮೇಲೆ ಸೋಲುತ್ತಿದ್ದರೂ, ಸುಮ್ಮನೆ ಕಾಯಿ ಅತ್ತಿತ್ತ ಸರಿಸಿ, ಎದುರಾಳಿಯ ಕೊನೆಯ ಎರಡು ಸೆಕೆಂಡು ಕರಗಿಸಿ ಗೆಲ್ಲುವುದು. ಇದು ಎರಡನೇ ಶೀಲಕ್ಕೆ ವಿರುದ್ಧವೇ, ಕೊಡದ್ದನ್ನು ತೆಗೆದುಕೊಂಡಂತೆಯೇ ಎಂದು ಬಳಗದಲ್ಲಿ ಒಬ್ಬರು ಕೇಳಿದ್ದರು. ಅಲ್ಲ ಎಂದೇ ನನ್ನ ಅಭಿಪ್ರಾಯ. ಒಂದು ನಿಮಿಷ ಎಂದು ಇಬ್ಬರೂ ಒಪ್ಪಿ ಕೂತವರು. ಸಮಯವೂ ಅಲ್ಲಿ ಒಂದು ಕಾಯಿಯೇ.

ಆದರೆ ಒಪ್ಪದೆ ಹೋದ ಸಮಯ? ಕರೆಂಟು ಹೋದರೆ? ಇದು ನಮ್ಮ ಮಲೆನಾಡಿನವರ ಪ್ರಶ್ನೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಟವರೂ ಹೋಗುತ್ತದೆ, ಗಡಿಯಾರ ಮಾತ್ರ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಓಡುತ್ತಿರುತ್ತದೆ. ಇಲ್ಲಿಯ ಹುಡುಗ ಗೆಲ್ಲುವ ಆಟ ಸೋಲುತ್ತಾನೆ. ಅದಕ್ಕೆ 'ಸಮಯ ಮೀರಿ ಸೋಲು' ಎಂದೇ ಬರೆಯಲಾಗುತ್ತದೆ. ಯಾರ ಸಮಯ ಎಂದು ಯಾರೂ ಕೇಳುವುದಿಲ್ಲ.

ಇದೇ ಸಂಗತಿ ನಿಹಾಲನಿಗೂ ಆಗಿದೆ, ಅದೂ ಎರಡೂ ಕಡೆಯಿಂದ. 2020ರಲ್ಲಿ ಕೊರೊನಾ ಕಾರಣಕ್ಕೆ ಒಲಿಂಪಿಯಾಡನ್ನು ಆನ್‌ಲೈನಿನಲ್ಲಿ ನಡೆಸಿದರು. ಒಬ್ಬೊಬ್ಬರಿಗೆ ಹದಿನೈದು ನಿಮಿಷದ ಆಟ, ನಡೆಗೆ ಐದು ಸೆಕೆಂಡು ಹೆಚ್ಚುವರಿ. ಆಗಸ್ಟ್ 28ರಂದು ಕ್ವಾರ್ಟರ್ ಫೈನಲ್‌ನಲ್ಲಿ ಭಾರತಕ್ಕೆ ಅರ್ಮೇನಿಯಾ ಎದುರು. ನಿಹಾಲನ ಎದುರಾಳಿ ಹೈಕ್ ಮಾರ್ಟಿರೋಸ್ಯಾನ್‌ನ ಸಂಪರ್ಕ ಆಟದ ನಡುವೆ ಕಡಿಯಿತು, ಸಮಯ ಮುಗಿಯಿತು, ಪಾಯಿಂಟು ನಿಹಾಲನಿಗೆ ಬಂತು. ಅರ್ಮೇನಿಯಾ ಮೇಲ್ಮನವಿ ಹಾಕಿತು, ತಳ್ಳಿಹಾಕಿದರು. ಅವರು ಪ್ರತಿಭಟಿಸಿ ಮುಂದಿನ ಸುತ್ತು ಆಡದೆ ಹೊರಟುಹೋದರು. ಎರಡೇ ದಿನ. ಆಗಸ್ಟ್ 30, ಫೈನಲ್, ರಷ್ಯಾ ಎದುರು. ಈ ಸಲ ಸಂಪರ್ಕ ಕಡಿದದ್ದು ನಿಹಾಲನದು, ಜೊತೆಗೆ ನಾಗಪುರದ ದಿವ್ಯಾ ದೇಶಮುಖ್‌ಳದು. ಜಗತ್ತಿನ ಹಲವು ಕಡೆ ಇಂಟರ್ನೆಟ್ ಕೆಟ್ಟಿದ್ದ ದಿನ ಅದು. ಇಬ್ಬರೂ ಸಮಯ ಮೀರಿ ಸೋತರು. ಈಗ ಭಾರತ ಮೇಲ್ಮನವಿ ಹಾಕಿತು. ಕೊನೆಗೆ ಫಿಡೆ ಅಧ್ಯಕ್ಷ ಅರ್ಕಾಡಿ ಡ್ವೊರ್ಕೊವಿಚ್ ಎರಡೂ ತಂಡಕ್ಕೆ ಚಿನ್ನ ಎಂದು ತೀರ್ಮಾನಿಸಿದರು.

ಎರಡು ಪ್ರಕರಣಕ್ಕೂ ವ್ಯತ್ಯಾಸವಿದೆ ಎಂದು ಅಧಿಕಾರಿಗಳು ಹೇಳಬಹುದು. ಒಂದು ಕಡೆ ತೊಂದರೆ ಆಟಗಾರನ ಕಡೆಯದು, ಇನ್ನೊಂದು ಕಡೆ ಜಗತ್ತಿನದು. ಕಾನೂನಿಗೆ ಆ ವ್ಯತ್ಯಾಸ ಸಾಕು. ನನಗೆ ಸಾಕಾಗಲಿಲ್ಲ. ಒಂದು ಊರಿನ ತಂತಿ ಕಡಿದರೆ ಅದು ಆ ಊರಿನವನ ಹಣೆಬರಹ, ದೊಡ್ಡವರೆಲ್ಲರ ತಂತಿ ಒಟ್ಟಿಗೆ ಕಡಿದರೆ ಮಾತ್ರ ಅದು ಅನ್ಯಾಯ! ಈ ಲೆಕ್ಕ ನಮಗೆ ಹೊಸದಲ್ಲ. ನಿಹಾಲ್ ಇದರಲ್ಲಿ ಯಾವ ತಪ್ಪೂ ಮಾಡಿದವನಲ್ಲ, ಹದಿನಾರು ವರ್ಷದ ಹುಡುಗ. ಆದರೆ ಎರಡು ದಿನದ ಅಂತರದಲ್ಲಿ ಒಂದೇ ಘಟನೆಯ ಎರಡೂ ಬದಿ ನೋಡಲು ಸಿಗುವುದು ಅಪರೂಪ. ನಮ್ಮ ಚಿನ್ನಕ್ಕೆ ಚಪ್ಪಾಳೆ ತಟ್ಟಿದವರಲ್ಲಿ ಅರ್ಮೇನಿಯಾದ ಹುಡುಗನನ್ನು ನೆನೆದವರು ಎಷ್ಟು ಜನ ಇದ್ದರೋ.

ಕೊನೆಯದಾಗಿ ಅನುಮಾನದ ವಿಷಯ. ವೇಗದ ಆಟಗಾರರ ಬೆನ್ನಿಗೆ ಅದು ಸದಾ ಅಂಟಿಕೊಂಡಿರುತ್ತದೆ. ಕಂಪ್ಯೂಟರ್ ಈಗ ವಿಶ್ವ ಚಾಂಪಿಯನ್‌ಗಿಂತ ಚೆನ್ನಾಗಿ ಆಡುತ್ತದೆ, ಪಕ್ಕದಲ್ಲಿ ಇಟ್ಟುಕೊಂಡರೆ ಯಾರು ಬೇಕಾದರೂ ಗೆಲ್ಲಬಹುದು. ಮೋಸ ನಡೆಯುವುದೂ ನಿಜ. 2021ರ ಜೂನ್‌ನಲ್ಲಿ ಕೊರೊನಾ ನೆರವಿಗಾಗಿ ವಿಶ್ವನಾಥನ್ ಆನಂದ್ ಆಡಿದ ಸಹಾಯಾರ್ಥ ಆಟದಲ್ಲಿ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಗೆದ್ದರು. ಮಾರನೆಯ ದಿನ, ಕಂಪ್ಯೂಟರಿನ ಮತ್ತು ಬೇರೆಯವರ ಸಹಾಯ ಪಡೆದಿದ್ದೆ ಎಂದು ತಾವೇ ಒಪ್ಪಿಕೊಂಡು ಕ್ಷಮೆ ಕೇಳಿದರು. ಅಲ್ಲಿಗೆ ಅದು ಮುಗಿಯಿತು.

ಮುಗಿಯದ ಕಥೆ ಅಮೆರಿಕದ ಡೇನಿಯಲ್ ನರೋಡಿಟ್ಸ್ಕಿ ಅವರದು. ಜಗತ್ತಿನ ಅತ್ಯಂತ ವೇಗದ ಆನ್‌ಲೈನ್ ಆಟಗಾರರಲ್ಲಿ ಒಬ್ಬರು. ಅವರ ವಿಶೇಷ ಏನೆಂದರೆ, ಆಡುತ್ತಾ ಆಡುತ್ತಾ ಬಾಯಿಬಿಟ್ಟು ವಿವರಿಸುತ್ತಿದ್ದರು. ಈ ಕುದುರೆ ಯಾಕೆ ಇಲ್ಲಿ, ಈ ಕಾಲಾಳು ಯಾಕೆ ಈಗ ಬೇಡ ಎಂದು, ನೋಡುತ್ತಿರುವ ಸಾವಿರಾರು ಮಕ್ಕಳಿಗೆ. ಗಡಿಯಾರದಲ್ಲಿ ಸೆಕೆಂಡುಗಳಷ್ಟೇ ಇದ್ದಾಗಲೂ ಪಾಠ ನಿಲ್ಲುತ್ತಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಬ್ಲಿಟ್ಜ್ ಚಾಂಪಿಯನ್‌ಶಿಪ್‌ನಲ್ಲಿ ಹದಿನಾಲ್ಕಕ್ಕೆ ಹದಿನಾಲ್ಕೂ ಗೆದ್ದರು. ಹಿಂದಿನ ವಿಶ್ವ ಚಾಂಪಿಯನ್ ವ್ಲಾಡಿಮಿರ್ ಕ್ರಾಮ್ನಿಕ್, ಇವರು ಮೋಸ ಮಾಡುತ್ತಿರಬಹುದು ಎಂಬ ಅರ್ಥದ ಮಾತುಗಳನ್ನು 2024ರಿಂದ ಬಹಿರಂಗವಾಗಿ ಆಡುತ್ತಲೇ ಬಂದಿದ್ದರು. ಯಾವುದೂ ಸಾಬೀತಾಗಲಿಲ್ಲ. ನರೋಡಿಟ್ಸ್ಕಿ ಅದರಿಂದ ನೊಂದಿದ್ದನ್ನು ಮುಚ್ಚಿಡಲಿಲ್ಲ. 2025ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ವಯಸ್ಸು ಇಪ್ಪತ್ತೊಂಬತ್ತು. ಆಮೇಲೆ ಫಿಡೆ, ಕ್ರಾಮ್ನಿಕ್ ಅವರ ನಡವಳಿಕೆಯನ್ನು ತನ್ನ ನೀತಿ ಸಮಿತಿಗೆ ಒಪ್ಪಿಸಿತು.

ಇದನ್ನು ಓದಿದಾಗ ನನಗೆ ಒಂಬತ್ತನೇ ಕ್ಲಾಸು ನೆನಪಾಯಿತು. ಗಣಿತದಲ್ಲಿ ಕ್ಲಾಸಿಗೇ ಹೆಚ್ಚು ಅಂಕ ಬಂದಿತ್ತು. ಮೇಷ್ಟ್ರು ಪೇಪರ್ ಕೊಡುವ ಮೊದಲು ಕೇಳಿದ್ದು, "ಯಾರದ್ದು ನೋಡಿ ಬರೆದೆ?" ಬೋರ್ಡಿನ ಮೇಲೆ ಅದೇ ಲೆಕ್ಕ ಮತ್ತೆ ಮಾಡಿಸಿದರು. ಮಾಡಿದೆ. ಸರಿಯಾಗಿತ್ತು. ಆಗ ಅವರು ಹೇಳಿದ್ದು, "ಬಾಯಿಪಾಠ ಹೊಡೆದಿದ್ದಾನೆ." ನಾನು ಸೀಮೆಸುಣ್ಣ ಕೈಗೆತ್ತಿಕೊಳ್ಳುವ ಮೊದಲೇ ಆ ಎರಡನೇ ಉತ್ತರ ತಯಾರಿತ್ತು ಎಂದು ಈಗ ಅರ್ಥವಾಗುತ್ತದೆ. ನಮ್ಮಲ್ಲಿ ಓದಿದವರ ಪ್ರತಿ ಮನೆಯಲ್ಲೂ ಇಂಥದ್ದೊಂದು ಇದೆ. ತಪ್ಪು ಮಾಡಿದವನನ್ನು ಹಿಡಿಯಬೇಕು, ಅದಕ್ಕೆ ಆಧಾರ ಬೇಕು, ಕೇಳುವ ರೀತಿ ಬೇಕು. ಆಧಾರವಿಲ್ಲದೆ ಹತ್ತು ಜನರ ಮುಂದೆ "ನನಗೇನೋ ಅನುಮಾನ" ಎಂದು ಬಿಟ್ಟುಬಿಡುವುದು ಪ್ರಶ್ನೆಯ ವೇಷದಲ್ಲಿ ಬರುವ ಏಟು. ಸಮ್ಮಾ ವಾಚಾ ಎಂದರೆ ಸುಳ್ಳು ಹೇಳದಿರುವುದಷ್ಟೇ ಎಂದು ತಿಳಿದವರು ಇದನ್ನು ತಪ್ಪೆಂದೇ ಎಣಿಸುವುದಿಲ್ಲ, ಏಕೆಂದರೆ ಅನುಮಾನ ಪಡುವವನು ಸುಳ್ಳಂತೂ ಹೇಳಿಲ್ಲ. ಹೊತ್ತು, ಹಿತ, ಮೈತ್ರಿ, ಈ ಮೂರನ್ನೂ ಬುದ್ಧರು ಮಾತಿಗೆ ಕಟ್ಟಿದ್ದು ಅದಕ್ಕೇ ಇರಬೇಕು.

ಅಕ್ಕನ ಮಗ ಈಗ ಬುಲೆಟ್ ಸ್ವಲ್ಪ ಕಡಿಮೆ ಮಾಡಿದ್ದಾನೆ. ನಾನು ಹೇಳಿದ್ದಕ್ಕಲ್ಲ, ಪರೀಕ್ಷೆ ಹತ್ತಿರ ಬಂತು. ಪೇಟೆಗೆ ಹೋದಾಗ ನರೋಡಿಟ್ಸ್ಕಿ ಪಾಠದ ಹಳೆಯ ವಿಡಿಯೋಗಳನ್ನು ಇಳಿಸಿಕೊಂಡು ಬಂದಿದ್ದಾನೆ, ಕರೆಂಟು, ಸಿಗ್ನಲ್ ಎರಡೂ ಇಲ್ಲದ ರಾತ್ರಿ ನೋಡಲು. ಇಂಗ್ಲಿಷೂ ಬರುತ್ತದೆ ಎನ್ನುತ್ತಾನೆ. ಮೊನ್ನೆ ನಾನೂ ಪಕ್ಕದಲ್ಲಿ ಕೂತು ನೋಡಿದೆ. ಮಾತು ಅರ್ಧ ಅರ್ಥವಾಗಲಿಲ್ಲ. ಆದರೆ ಎದುರಾಳಿ ಒಳ್ಳೆಯ ನಡೆ ಆಡಿದಾಗ ಆ ಮನುಷ್ಯ ತಾನು ಸೋಲುತ್ತಿದ್ದರೂ ಸಂತೋಷಪಟ್ಟು ಹೊಗಳುತ್ತಿದ್ದ, ಅದು ಅರ್ಥವಾಯಿತು.

ಈ ಭಾನುವಾರ ಸಂಜೆ ರಾಹುಲೋವಾದ ಸುತ್ತ ಓದೋಣ. ಬ್ರಹ್ಮಜಾಲದ ಪ್ರಶ್ನೆ ಎತ್ತಿದ ಹಿರಿಯರು ಖಂಡಿತ ಬರಬೇಕು. ಕರೆಂಟು ಹೋದರೆ ಇರಲಿ, ಟಾರ್ಚ್ ತನ್ನಿ.

ಜೈ ಭೀಮ್.